ಸಾಕು ಎಂದ ಬ್ಯಾಟರಿ

ಮದುವೆ ಫೋಟೋಗ್ರಾಫರ್ ವಾದಿರಾಜರ ಕ್ಯಾಮೆರಾಕ್ಕೆ ಎರಡು ಬ್ಯಾಟರಿಗಳಿದ್ದವು. ಒಂದೇ ಡಬ್ಬಿಯಲ್ಲಿ ಬಂದ ಅಣ್ಣ ತಮ್ಮ. ಅವರ ಚಾರ್ಜರ್‌ಗೆ ಬಲವಂತ ಮಾಡಿ ಬಡಿಸುವುದೆಂದರೆ ಬಲು ಪ್ರೀತಿ.

ಅಣ್ಣ ಪೂರ್ತಿ ಬರಿದಾದ ಮೇಲೆಯೇ ಬಂದು ಕೂರುತ್ತಿದ್ದ. ಹೊಟ್ಟೆ ತುಂಬಿ ಮೈ ಬಿಸಿಯಾದರೂ ಏಳುತ್ತಿರಲಿಲ್ಲ. ತಮ್ಮ ಹಸಿವು ಹೆಚ್ಚುವ ಮೊದಲೇ ಬಂದು, ಹೊಟ್ಟೆಯಲ್ಲಿ ಇನ್ನೂ ಜಾಗವಿರುವಾಗಲೇ "ಸಾಕು" ಎಂದು ಎದ್ದುಬಿಡುತ್ತಿದ್ದ.

"ಬಡಿಸುವವರ ಕೈ ತಡೆಯುವುದು ಮರ್ಯಾದೆಯೇ?" ಎಂದ ಅಣ್ಣ.

"ನಾಳೆಯೂ ಇವರ ಪಂಕ್ತಿಗೆ ಬರುವ ಆಸೆ ನನಗೆ," ಎಂದ ತಮ್ಮ.

ಚಾರ್ಜರ್ ಮುಖ ಊದಿಸಿಕೊಂಡಿತು.

ಕೆಲವು ವರ್ಷಗಳು ಕಳೆದವು. ಎಷ್ಟು ಉಂಡರೂ ಅಣ್ಣನ ಹೊಟ್ಟೆಯಲ್ಲಿ ನಿಲ್ಲುವುದು ಕಡಿಮೆಯಾಗುತ್ತಾ ಬಂತು. ಒಂದು ಮದುವೆಯಲ್ಲಿ ವರ ತಾಳಿ ಎತ್ತಿದ ಹೊತ್ತಿಗೇ, ಬೆಳಿಗ್ಗೆಯಷ್ಟೇ ಉಂಡು ಬಂದಿದ್ದ ಅಣ್ಣ ಕಣ್ಣು ಮುಚ್ಚಿದ.

"ಪುರೋಹಿತರೇ, ಒಂದು ನಿಮಿಷ!" ಎಂದು ಕೂಗಿದ ವಾದಿರಾಜರು ಕ್ಯಾಮೆರಾದೊಳಗೆ ತಮ್ಮನನ್ನು ಕೂರಿಸಿದರು. ಮೂರು ಗಂಟು, ಅಕ್ಷತೆ, ಹುಡುಗಿಯ ತಾಯಿಯ ಕಣ್ಣೀರು, ಎಲ್ಲವೂ ಚಿತ್ರಕ್ಕೆ ಬಂದವು. ಕೊನೆಯ ಪಂಕ್ತಿಯ ಊಟ ಮುಗಿಯುವವರೆಗೂ ತಮ್ಮ ದಣಿಯಲಿಲ್ಲ.

ಸಂಜೆ ಅವನು ಚಾರ್ಜರ್ ಎದುರು ಒಬ್ಬನೇ ಬಂದು ಕೂತ. ಮತ್ತೆ ಕಣ್ಣು ತೆರೆಯದ ಅಣ್ಣನ ಜಾಗ ಪಕ್ಕದಲ್ಲಿ ಖಾಲಿಯಿತ್ತು. ಚಾರ್ಜರ್ ಸ್ವಲ್ಪ ಹೊತ್ತು ಬಡಿಸಿತು. ಆಮೇಲೆ, ಅವನು ಕೈ ಅಡ್ಡ ಹಿಡಿಯುವ ಮೊದಲೇ, ತಾನಾಗಿ ನಿಲ್ಲಿಸಿ ಕೇಳಿತು:

"ಇಷ್ಟು ಸಾಕೇನಪ್ಪಾ? ನಾಳೆಯೂ ನೀನು ಬರಬೇಕಲ್ಲ."