ಹುಲಿಗೆಮ್ಮನ ದೂರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿದ್ದ ಗುರುವನ್ನು ಸುತ್ತಲಿನ ಊರಿನವರೆಲ್ಲ ಅಜ್ಜ ಎಂದೇ ಕರೆಯುತ್ತಿದ್ದರು.

ವಾಮದೇವ ಅವರ ಶಿಷ್ಯ. ಮೊದಲು ವಕೀಲನಾಗಿದ್ದವನು. ಕರಿ ಕೋಟು ಕಳಚಿ ಬಂದ ಮೇಲೆ ಆಶ್ರಮದ ಮೇಲುಸ್ತುವಾರಿ ಅವನ ಕೈಗೆ ಬಂತು. ಯಾರು ಎಲ್ಲಿ ಉಳಿಯಬೇಕು, ಊಟದ ಎಲೆ ಯಾವಾಗ ಹಾಕಬೇಕು, ಹರಿಗೋಲು ಯಾವಾಗ ಹೊಳೆಗೆ ಇಳಿಯಬೇಕು, ಎಲ್ಲವೂ ಅವನ ಮಾತಿನ ಮೇಲೆ ನಡೆಯುತ್ತಿತ್ತು.

ಹರಿಗೋಲು ನಡೆಸುತ್ತಿದ್ದವನು ಯಂಕಪ್ಪ.

ಆ ವರ್ಷ ಮಳೆ ಜೋರಾಗಿತ್ತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಆಚೆ ದಡದಲ್ಲಿ ಆಶ್ರಮಕ್ಕೆ ಬರುವ ಭಕ್ತರು ಕಾಯುತ್ತಿದ್ದರು. ಅವರನ್ನು ಕರೆತರಲು ಯಂಕಪ್ಪ ಒಬ್ಬನೇ ಹೊರಟ. ನಡುಹೊಳೆಯಲ್ಲಿ ಹರಿಗೋಲು ಗಿರಗಿರನೆ ತಿರುಗಿ ಮಗುಚಿತು. ಹೆಣ ಕೆಳಗಿನ ಊರಿನ ಬಂಡೆಗಳ ನಡುವೆ ಸಿಕ್ಕಿತು.

ಹೆಣದ ಮುಂದೆ ವಾಮದೇವ ಅತ್ತ. ನಿಜವಾಗಿಯೇ ಅತ್ತ.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಯಂಕಪ್ಪನ ಅಕ್ಕ ಹುಲಿಗೆಮ್ಮ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟಿದ್ದಳು. ತನ್ನ ತಮ್ಮನ ಸಾವಿಗೆ ಆಶ್ರಮದವರ ನಿರ್ಲಕ್ಷ್ಯವೇ ಕಾರಣ ಎಂದಿದ್ದಳು. ಒಂದನೇ ಆರೋಪಿ ವಾಮದೇವ. ಎರಡನೇ ಆರೋಪಿ ಅಜ್ಜ.

ವಾಮದೇವನಿಗೆ ಹಳೆಯ ವಿದ್ಯೆ ಮರೆತಿರಲಿಲ್ಲ. ಕೂತು ಇಬ್ಬರ ಹೆಸರಿನಲ್ಲೂ ಅರ್ಜಿ ಬರೆದ. ಅದನ್ನೂ ದೂರಿನ ಪ್ರತಿಯನ್ನೂ ಹಿಡಿದು ಗುರುವಿನ ಬಳಿ ಹೋದ. ಅಜ್ಜ ಬೇವಿನ ಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಹೈಕೋರ್ಟಿಗೆ ಹೋಗೋಣ. ದೂರನ್ನೇ ರದ್ದು ಮಾಡಿಸಬಹುದು. ವಿಚಾರಣೆ ತನಕ ಹೋಗೋದೇ ಬೇಡ. ನಿಮ್ಮದೊಂದು ಸಹಿ ಬೇಕು."

"ಯಾಕೆ ರದ್ದಾಗಬೇಕು?"

"ಆಕೆಗೆ ನಮ್ಮ ಮೇಲೆ ಹಳೇ ಸಿಟ್ಟಿದೆ. ಬೇಲಿ ಪಕ್ಕದ ತುಂಡು ಹೊಲದ ತಂಟೆ ನಿಮಗೂ ಗೊತ್ತು. ಯಂಕಪ್ಪ ಹೊರಟಾಗ ಆಕೆ ಆಶ್ರಮದಲ್ಲಿ ಇರಲೇ ಇಲ್ಲ. ಇಷ್ಟು ದಿನ ಸುಮ್ಮನಿದ್ದು ಈಗ ಎದ್ದು ಬಂದಿದ್ದಾಳೆ."

ಅಜ್ಜ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

"ದೂರು ಓದು. ಜೋರಾಗಿ."

ವಾಮದೇವ ಓದತೊಡಗಿದ.

"ಅಣೆಕಟ್ಟೆಯಿಂದ ನೀರು ಬಿಡುವುದಾಗಿ ಹಿಂದಿನ ದಿನವೇ ಡಂಗುರ ಸಾರಿದ್ದರು... ಗುರುಗಳೇ, ಆ ಡಂಗುರ ಇಲ್ಲಿಯ ತನಕ ಕೇಳಿಸಲೇ ಇಲ್ಲ."

"ಮೊದಲಿಂದ ಓದು."

ವಾಮದೇವ ಮೊದಲಿಂದ ಓದಿದ. ಡಂಗುರದ ಸಾಲು ದಾಟಿದ.

"ನೀರಿನ ಬಣ್ಣ ತಿರುಗಿದೆ, ಇವತ್ತು ಬೇಡ ಎಂದು ನನ್ನ ತಮ್ಮನು ಹೇಳಿದರೂ ಒಂದನೇ ಆರೋಪಿಯು ಕೇಳದೆ... ಇದು ಶುದ್ಧ ಸುಳ್ಳು. ಅವನು ಕುಡಿದಿದ್ದ. ಅಡುಗೆಯವರೇ ಹೇಳ್ತಾರೆ."

"ಮೊದಲಿಂದ."

"ಗುರುಗಳೇ, ನಾನು ಉತ್ತರ ಹೇಳಬಾರದೇ?"

"ಹೇಳುವೆಯಂತೆ. ಮೊದಲು ಆಕೆ ಮಾತು ಮುಗಿಯಲಿ."

ವಾಮದೇವ ಹಲ್ಲು ಕಚ್ಚಿ ಓದಿದ. ಈ ಸಲ ಎಲ್ಲಿಯೂ ನಿಲ್ಲಲಿಲ್ಲ. ಹೊಳೆಗೆ ಇಳಿಯುವ ಮುಂಚೆ ಯಂಕಪ್ಪ ದಂಡೆಯ ಮೇಲಿದ್ದ ಅಕ್ಕನ ಗುಡಿಸಲಿಗೆ ಹೋಗಿ ನೀರು ಕುಡಿದಿದ್ದ. 'ಬೇಡ ಅಂದರೂ ಕೇಳುತ್ತಿಲ್ಲ ಅಕ್ಕಾ, ಹೋಗದಿದ್ದರೆ ನಾಳೆಯಿಂದ ಬರಬೇಡ ಅಂದರು' ಎಂದು ಹೇಳಿ ಹೋಗಿದ್ದ. ಅವನು ಸತ್ತ ಮೇಲೆ ಹುಲಿಗೆಮ್ಮ ಠಾಣೆಗೆ ಹೋಗಿದ್ದಳು. ಆಶ್ರಮದ ಹೆಸರು ಕೇಳಿ ಅಲ್ಲಿ ದೂರು ತೆಗೆದುಕೊಂಡಿರಲಿಲ್ಲ. ಮತ್ತೆ ಹೋದಾಗ ಗದರಿಸಿ ಕಳಿಸಿದ್ದರು. ವಕೀಲರನ್ನು ಹುಡುಕುವುದರಲ್ಲಿ ಮಳೆಗಾಲ ಕಳೆದಿತ್ತು.

ಕೊನೆಯ ಸಾಲು ಇದು: 'ಎರಡನೇ ಆರೋಪಿಯು ಸದರಿ ಆಶ್ರಮದ ಮುಖ್ಯಸ್ಥರಾಗಿರುತ್ತಾರೆ.'

ಓದಿ ಮುಗಿಸಿದ ವಾಮದೇವ ಹಾಳೆಯನ್ನು ಮತ್ತೆ ಹಿಂದಕ್ಕೆ ತಿರುವಿದ. 'ನಾಳೆಯಿಂದ ಬರಬೇಡ' ಎನ್ನುವುದು ಅವನ ಬಾಯಲ್ಲಿ ಆಗಾಗ ಬರುತ್ತಿದ್ದ ಮಾತು. ಹಾಲಿನವನಿಗೆ ಹೇಳುತ್ತಿದ್ದ, ಕಸ ಗುಡಿಸುವವಳಿಗೆ ಹೇಳುತ್ತಿದ್ದ. ಹೇಳಿದ್ದನ್ನು ಅಲ್ಲೇ ಮರೆಯುತ್ತಿದ್ದ.

"ಇದು ಹೌದೋ ಅಲ್ಲವೋ, ಆ ಮಾತು ಬಿಡು," ಎಂದರು ಅಜ್ಜ. "ಹೌದು ಅಂತಲೇ ಇಟ್ಟುಕೋ. ನೀನು ಮಾಡಿದ್ದು ಅಪರಾಧವೋ ಅಲ್ಲವೋ?"

ವಾಮದೇವ ಹೊಳೆಯ ಕಡೆ ನೋಡಿದ.

"ಹೌದು ಅಂತ ಇಟ್ಟುಕೊಂಡರೆ, ಅಪರಾಧವೇ."

"ಹೌದೋ ಅಲ್ಲವೋ ಅನ್ನೋದು ಹೇಗೆ ಗೊತ್ತಾಗುತ್ತೆ?"

"ಸಾಕ್ಷಿ ಕೇಳಬೇಕು. ನಮ್ಮ ಕಡೆಯವರು ಅವರನ್ನು ಪಾಟೀಸವಾಲು ಮಾಡಬೇಕು. ಆದರೆ ಗುರುಗಳೇ, ಆಕೆಗೆ ಸಿಟ್ಟಿದೆ ಅನ್ನೋದು..."

"ಸಿಟ್ಟಿರೋರು ಹೇಳೋದೆಲ್ಲ ಸುಳ್ಳೇ?"

"ಅಲ್ಲ."

"ಈಗ ನನ್ನದು ಹೇಳು. ನಾನು ಏನು ಮಾಡಿದೆ ಅಂತಾಳೆ?"

"ಏನೂ ಹೇಳಿಲ್ಲ. ನೀವು ಮುಖ್ಯಸ್ಥರು ಅಂತ ಮಾತ್ರ."

"ಅದು ಹೌದು. ಅಪರಾಧವೋ?"

"ಅಲ್ಲ."

"ಹಾಗಾದರೆ ನನ್ನ ಹೆಸರಲ್ಲಿ ಅರ್ಜಿ ಹಾಕು. ನಿನ್ನ ಹೆಸರು ತೆಗೆ."

ಅಜ್ಜ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ವಾಮದೇವನ ಮೈಯೆಲ್ಲ ಉರಿದುಹೋಯಿತು. ಎಲ್ಲ ಬಿಟ್ಟು ಇವರ ಹಿಂದೆ ಬಂದಿದ್ದ. ಇವರ ಕಾಲಿಗೆ ನೀರು ಹಾಕಿದ್ದ, ಜ್ವರ ಬಂದಾಗ ತಲೆದೆಸೆಯಲ್ಲಿ ಕೂತಿದ್ದ. ಈಗ ಇವರು ಕಳಚಿಕೊಂಡು ತನ್ನೊಬ್ಬನನ್ನೇ ಕಟಕಟೆಗೆ ಬಿಡುತ್ತಿದ್ದಾರೆ ಅನ್ನಿಸಿತು.

ಎದ್ದು ಹೋದ. ಅರ್ಜಿಯಲ್ಲಿದ್ದ ತನ್ನ ಹೆಸರನ್ನು ತೆಗೆಯಲೂ ಇಲ್ಲ. ಗುರು ಅದಕ್ಕೆ ಸಹಿ ಮಾಡಲಿಲ್ಲ.

ಕೆಲವು ದಿನ ಕಳೆದವು. ಬಸಟ್ಟೆಪ್ಪ ಎಂಬ ಊರ ಹಿರಿಯ ವಾಮದೇವನನ್ನು ಕಾಣಲು ಬಂದ. ಆಶ್ರಮಕ್ಕೆ ಬಹಳ ಬೇಕಾದವನು.

"ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಆಕೀ ಹೊಲ ಆಕೀಗೆ ಬಿಟ್ಟುಕೊಡ್ರಿ. ರಾಜಿ ಆತು ಅಂತ ಬರೆದು ಸೈ ಮಾಡಿಸಿದ್ರ ಮುಗೀತು. ಹೈಕೋರ್ಟಿನವರೂ ಮತ್ತೇನ್ ಕೇಳ್ತಾರ?"

ವಾಮದೇವನಿಗೆ ಜೀವ ಬಂದಂತಾಯಿತು. ಸಾವಿನ ಕೇಸುಗಳಲ್ಲಿ ಬರೀ ರಾಜಿಗೆ ಹೈಕೋರ್ಟು ಸುಲಭವಾಗಿ ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹೂಂ ಅಂದ.

ಮರುದಿನ ಬೆಳಿಗ್ಗೆ ಬಸಟ್ಟೆಪ್ಪ ಹುಲಿಗೆಮ್ಮನನ್ನು ಕರೆದುಕೊಂಡು ಬಂದ. ಸೊರಗಿದ ಹೆಂಗಸು. ಸೆರಗನ್ನು ಬಿಗಿಯಾಗಿ ಹೊದ್ದು ಬಾಗಿಲ ಹೊರಗೇ ನಿಂತಳು. ಅಜ್ಜ ಅವಳನ್ನು ಒಳಗೆ ಕರೆದು ಚಾಪೆ ಹಾಸಿದರು.

"ಏನವ್ವ ಬಂದಿದ್ದು?"

"ಸೈ ಮಾಡಾಕ ಬಂದೀನ್ರಿ ಅಜ್ಜಾರ. ಹೊಲ ಬಿಟ್ಟುಕೊಡ್ತಾರಂತ. ತಮ್ಮನ ಮಕ್ಕಳು ಅದಾವ್ರಿ, ಅವಕ್ಕ ಆಗ್ತೈತಿ."

"ಹೊಲ ಯಾರದು?"

"ನಮ್ಮದ ರೀ. ನಮ್ಮಪ್ಪ ಉಳತಿದ್ದ."

ಅಜ್ಜ ಶಿಷ್ಯನ ಕಡೆ ತಿರುಗಿದರು.

"ಯಾರದು?"

ವಾಮದೇವ ತಲೆ ತಗ್ಗಿಸಿದ. "ಸರ್ವೆ ಮಾಡಿಸಿದಾಗ ಅವರದೇ ಅಂತ ಬಂದಿತ್ತು."

"ಅವರದನ್ನೇ ಅವರಿಗೆ ಕೊಟ್ಟು, ಅವರಿಂದ ಏನು ಕೊಳ್ಳೋಕೆ ಹೊರಟಿದ್ದೀರಿ?"

ಬಸಟ್ಟೆಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಂಡ.

ಅಜ್ಜ ಎದ್ದು ಹೊರಗೆ ನಡೆದರು. ಆ ಹೊಲವನ್ನು ಒಳಗೆ ಸೇರಿಸಿಕೊಂಡಿದ್ದ ಆಶ್ರಮದ ಬೇಲಿಯ ಬಳಿ ಹೋಗಿ ಒಂದು ಗೂಟ ಅಲ್ಲಾಡಿಸಿ ಕಿತ್ತರು. ಇನ್ನೊಂದಕ್ಕೆ ಕೈ ಹಾಕಿದರು. ಜಾಲಿಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂತು. ಅವರು ನಿಲ್ಲಿಸಲಿಲ್ಲ.

ವಾಮದೇವ ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ ಪಂಚೆ ಮೇಲೆ ಕಟ್ಟಿ ಅವನೂ ಬೇಲಿಗೆ ಕೈ ಹಾಕಿದ.

ಹುಲಿಗೆಮ್ಮ ಹತ್ತಿರ ಬಂದಳು. "ಸೈ ರೀ, ಅಜ್ಜಾರ?"

"ಅದಕ್ಕೂ ಇದಕ್ಕೂ ಗಂಟು ಹಾಕಬೇಡವ್ವ. ಬೇಲಿ ಹೋಯ್ತು. ನಾಳೆಯೂ ಸಹಿ ಮಾಡಬೇಕು ಅನ್ನಿಸಿದರೆ ಬಂದು ಮಾಡು."

ಅವಳು ಹೊಲವನ್ನು ನೋಡಿದಳು. ಆಮೇಲೆ ವಾಮದೇವನನ್ನು ನೋಡಿದಳು. ಸಮನ್ಸ್ ಬಂದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಇದು:

"ನಿಮ್ಮನ್ನ ಜೈಲಿಗೆ ಹಾಕಸ್ಬೇಕಂತ ನಾ ಹೋಗಿಲ್ರೀ ಸಾಮಿ. ನನ್ನ ತಮ್ಮ ಬ್ಯಾಡ ಅಂದಿದ್ದ. ಎಲ್ಲಾರೂ ಅವ ಕುಡದು ಸತ್ತ ಅಂತಾರ. ಅವ ಏನಂದಿದ್ದ ಅನ್ನೋದನ್ನ ಯಾರಾರ ಒಬ್ರು ಕುಂತು ಕೇಳ್ಲಿ ಅಂತ ಹೋಗಿದ್ದೆ."

ಯಂಕಪ್ಪ ಕುಡಿದಿದ್ದ ಎಂಬ ಮಾತನ್ನು ಮೊದಲು ಅಡುಗೆಯವರು ಹೇಳಿದರೋ ತಾನು ಅವರನ್ನು ಹಾಗೆ ಕೇಳಿದೆನೋ, ಅದೂ ಈಗ ವಾಮದೇವನಿಗೆ ಖಚಿತವಿರಲಿಲ್ಲ.

ಮರುದಿನ ಹುಲಿಗೆಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ವಾಮದೇವ ಅರ್ಜಿಯನ್ನು ಹೊಸದಾಗಿ ಬರೆದ. ತನ್ನ ಹೆಸರು ತೆಗೆದ. ಅಜ್ಜ ಸಹಿ ಮಾಡಿದರು. ದೂರಿನಲ್ಲಿರುವುದನ್ನೆಲ್ಲ ಒಪ್ಪಿಕೊಂಡರೂ ಎರಡನೇ ಆರೋಪಿಯ ಮೇಲೆ ಯಾವ ಅಪರಾಧವೂ ಕಾಣುವುದಿಲ್ಲ ಎಂದು ಹೈಕೋರ್ಟು ಅಜ್ಜನ ಮಟ್ಟಿಗೆ ಕೇಸನ್ನು ರದ್ದು ಮಾಡಿತು. ವಾಮದೇವನ ಮೇಲಿನ ಕೇಸು ಕೆಳಗಿನ ಕೋರ್ಟಿನಲ್ಲಿ ಮುಂದುವರಿಯಿತು.

ಅವನು ಪ್ರತಿ ಸಲವೂ ಬಸ್ಸು ಹಿಡಿದು ಹೋದ. ಕೂಗಿದಾಗ ಕಟಕಟೆಯಲ್ಲಿ ನಿಂತ. ಹಿಂದೆ ತನ್ನ ಜೊತೆ ಚಹಾ ಕುಡಿದ ವಕೀಲರು ಕಣ್ಣು ತಪ್ಪಿಸಿ ಹೋಗುತ್ತಿದ್ದರು. ಮೊದಮೊದಲು ಅದು ಚುಚ್ಚುತ್ತಿತ್ತು. ಬರಬರುತ್ತ ರೂಢಿಯಾಯಿತು.

ಒಂದು ದಿನ ಹುಲಿಗೆಮ್ಮನ ವಕೀಲರು ಇನ್ನೊಬ್ಬ ಸಾಕ್ಷಿಯನ್ನು ಕರೆಸಬೇಕೆಂದು ಕೇಳಿದರು. ಮ್ಯಾಜಿಸ್ಟ್ರೇಟರು ಒಪ್ಪಿದರು. ಆ ಸಾಕ್ಷಿ ಅಜ್ಜ.

ಕಟಕಟೆಯಲ್ಲಿ ನಿಂತಿದ್ದ ವಾಮದೇವನಿಗೆ ಆಗ ಹೊಳೆಯಿತು. ಆರೋಪಿಯಿಂದ ಯಾರೂ ಬಲವಂತವಾಗಿ ಸಾಕ್ಷಿ ಹೇಳಿಸುವಂತಿಲ್ಲ. ಅಜ್ಜನ ಹೆಸರು ಆರೋಪಿಗಳಲ್ಲಿ ಉಳಿದಿದ್ದರೆ ಅವರು ತುಟಿ ಬಿಚ್ಚಬೇಕಿರಲಿಲ್ಲ. ಈಗ ಬಿಚ್ಚಬೇಕು. ಯಂಕಪ್ಪ ಹೊರಟ ಆ ಬೆಳಿಗ್ಗೆ ಅವರು ಮಾತು ಕೇಳಿಸುವಷ್ಟು ಹತ್ತಿರ, ಆಶ್ರಮದ ಮೆಟ್ಟಿಲ ಪಕ್ಕದ ಜಗಲಿಯಲ್ಲೇ ಕೂತಿದ್ದರು.

ಸಾಕ್ಷಿಯ ದಿನ ಗುರು ಶಿಷ್ಯರಿಬ್ಬರೂ ಒಟ್ಟಿಗೇ ಹೊರಟರು. ದಂಡೆಯ ದಾರಿ. ಅಜ್ಜ ಮುಂದೆ, ವಾಮದೇವ ಅವರ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ. ಬಸ್ಸು ನಿಲ್ಲುವ ಜಾಗ ಹತ್ತಿರವಾದಾಗ ಅವನು ನಿಂತುಬಿಟ್ಟ.

"ಗುರುಗಳೇ, ನಿಮ್ಮನ್ನು ತಡೆಯೋಕೆ ಕೇಳ್ತಿಲ್ಲ. ನನಗೇ ನೆನಪಿಲ್ಲ. ಎಲೆ ಹಾಕಿಸುವ ಗಡಿಬಿಡಿಯಲ್ಲಿದ್ದೆ, ಆಚೆ ದಡದಿಂದ ಜನ ಕೂಗ್ತಿದ್ದರು. ಯಂಕಪ್ಪ ಬಂದು ನಿಂತದ್ದು ನೆನಪಿದೆ. ಅವನು ಏನಂದ? ನಾನು ಏನಂದೆ?"

ಅಜ್ಜ ತಿರುಗಿ ಅವನ ಮುಖ ನೋಡಿದರು. ಕೈ ಚಾಚಿ ಅವನ ಹೆಗಲಿನಿಂದ ತಮ್ಮ ಚೀಲ ತೆಗೆದುಕೊಂಡರು.

"ಇಲ್ಲಿ ಹೇಳಿದರೆ ನೀನೊಬ್ಬನೇ ಕೇಳ್ತೀಯ. ನಡಿ, ಹುಲಿಗೆಮ್ಮನೂ ಕೇಳಲಿ."