ಕಾವಿಗೆ ಕೂತ ಚುಕ್ಕಿಕೋಳಿ

ಬನ್ನಿ ಮಕ್ಕಳೇ, ಗಲಾಟೆ ಬಿಟ್ಟು ನನ್ನ ಹತ್ರ ಕೂತು ಕೇಳಿ. ಚುಕ್ಕಿಕೋಳಿ ಹತ್ತು ಮೊಟ್ಟೆಗೆ ಕಾವು ಕೊಡ್ತಾ ಕೂತಿತ್ತು. ಮಿಡತೆ ಹಾರಿತು ಅಂತ ಎದ್ದು ಓಡಿತು. ದಾರೀಲಿ ಹುಳ ಕಂಡು ಮಿಡತೆನೂ ಮರೀತು, ಮೊಟ್ಟೆನೂ ಮರೀತು. ವಾಪಸು ಬರೋ ಹೊತ್ತಿಗೆ ಎರಡು ಮೊಟ್ಟೆ ತಣ್ಣಗಾಗಿ ಹಾಳಾಗಿದ್ದವು.

ಸೂರಿನ ಪಾರಿವಾಳ ಅಂದಿತು: "ನೀನೆಂಥ ತಾಯಿಯಮ್ಮಾ? ನನ್ನ ಗೂಡು ಒಂದು ಗಳಿಗೆಯೂ ಖಾಲಿ ಇರುವುದಿಲ್ಲ."

"ಪ್ರೀತಿ ಇದೆ ಅಕ್ಕಾ, ಗಮನ ನಿಲ್ಲೋದಿಲ್ಲ. ನೀನು ಮೇಯೋಕೆ ಹೋದಾಗ ಯಾರು ಕೂರ್ತಾರೆ?"

"ನಮ್ಮ ಯಜಮಾನರು."

"ನಮ್ಮ ಹುಂಜ ಬೇಲಿ ಇಳಿಯೋದಿಲ್ಲ. ನಾನು ಎದ್ದರೆ ನೀನಾದರೂ ಕೂಗಿ ಕರಿ, ಬರ್ತೀನಿ."

ತಾನಾಡಿದ ಮಾತಿಗೆ ಪಾರಿವಾಳ ನಾಚಿತು. ಕೋಳಿ ಎದ್ದಾಗೆಲ್ಲ ಕೂಗಿತು, ಕೋಳಿ ಓಡಿ ಬಂತು.

ಎಂಟು ಮರಿ ಆದವು. ಕೂಗಿ ಕೂಗಿ ಪಾರಿವಾಳದ ದನಿ ಒಡೆದಿತ್ತು. ಹುಂಜ ಮರಿಗಳು ತನ್ನವೇ ಅಂತ ಊರಿಗೆಲ್ಲ ಸಾರಿದ. ಕೋಳಿ ಇವತ್ತಿಗೂ ಅರ್ಧ ದಾರೀಲಿ ಮರೆತು ನಿಲ್ತದೆ. ಮರಿಗಳೇ ಹೋಗಿ ಕರ್ಕೊಂಡು ಬರ್ತವೆ.