ಕಾಕಟೂ ಮೈಯೊಳಗಿನ ಹಿಟ್ಟು

ಹಂಚಿನಿಂದ ಆಗತಾನೇ ಇಳಿಸಿದ ರೊಟ್ಟಿಯಂತೆ ಲೋಕ ಇನ್ನೂ ಬಿಸಿಬಿಸಿಯಾಗಿದ್ದ ಕಾಲ ಅದು. ಮರಗಳೆಲ್ಲ ಮೊಣಕಾಲುದ್ದ ಇದ್ದವು. ಕೂರಲು ಕೊಂಬೆಗಳೇ ಇಲ್ಲದ್ದರಿಂದ ಒಂದೊಂದು ಹಕ್ಕಿಯನ್ನು ಒಬ್ಬೊಬ್ಬರು ತಮ್ಮ ಮನೆಯಲ್ಲಿಟ್ಟು ಸಾಕಬೇಕಿತ್ತು.

ಆಗ ಲೋಕಕ್ಕೆಲ್ಲ ಇದ್ದದ್ದು ಒಂದೇ ಬೀಸುಕಲ್ಲು. ಅದನ್ನು ಬೀಸುತ್ತಿದ್ದವಳು ದುಂಡವ್ವ. ಗಿಡ್ಡ ಆಳು, ದೊಡ್ಡ ದನಿ. ನಸುಕಿನಲ್ಲೇ ಎದ್ದು ಕಲ್ಲಿನ ಮುಂದೆ ಕುಳಿತರೆ ಇರುವೆಗೂ ಹಿಟ್ಟಾಗಬೇಕು, ಆನೆಗೂ ಹಿಟ್ಟಾಗಬೇಕು. ಮನೆಯಲ್ಲಿ ಮಾತಿಗೆ ಇನ್ನೊಂದು ಜೀವ ಇರಲಿಲ್ಲ. ತನಗೂ ಒಂದು ಹಕ್ಕಿ ಬೇಕೆಂದು ಅವಳಿಗೆ ಬಹಳ ಆಸೆ. ಆದರೆ ಹಕ್ಕಿ ಹಂಚುವ ದಿನ ಜೋಳ ಬೀಸುತ್ತಾ ಕುಳಿತು ಹೊತ್ತು ಮೀರಿತು. ಓಡೋಡಿ ಹೋದಾಗ ಒಂದು ಗುಬ್ಬಿಯೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಗಾಳಿಯಪ್ಪ ಏದುಸಿರು ಬಿಡುತ್ತಾ ಬಂದು ಅವಳ ಅಂಗಳದಲ್ಲಿ ಒಂದು ಬಿದಿರಿನ ಬುಟ್ಟಿ ಇಳಿಸಿದ.

“ದುಂಡವ್ವ, ಒಂದು ಹಕ್ಕಿ ಐತಿ. ಇಟ್ಕೋತಿಯೇನು?”

ದುಂಡವ್ವನ ಕೈ ನಿಂತಿತು. “ಯಾರ ಮನಿ ಹಕ್ಕಿ?”

“ಮದಲ ಹೊಳೆವ್ವನ ಮನ್ಯಾಗ ಇತ್ತು. ‘ಹರಿಯೋದು ಬಿಟ್ಟು ಇದರ ಕುತ್ತಿಗಿ ಕೆರಕೋತ ಕುಂತ್ರ ಮಂದಿಗೆ ನೀರು ಯಾರು ಕೊಡ್ತಾರ’ ಅಂತ ನನಗ ಕೊಟ್ಲು. ನಾ ಒಂದ ಕಡೆ ನಿಲ್ಲಾವಲ್ಲ. ಗುಡ್ಡಪ್ಪಗ ಕೊಟ್ಟೆ. ಅವಗ ಕೆರ್ಯಾಕ ಕೈ ಇಲ್ಲ. ಮ್ಯಾಲೆ, ಯಾರು ಏನು ಒದರಿದ್ರೂ ತಿರುಗಿ ಒದರೋ ಚಟ. ಇದು ಒದರಾಕ, ಅಂವ ಒದರಾಕ. ಯಾರೋ ಮಾತಾಡ್ಸಿದ್ರು ಅಂತ ಇದು ಮತ್ತ ಒದರಾಕ. ಈಗ ಗುಡ್ಡಪ್ಪನ ಗಂಟಲಾ ಬಿದ್ದ ಹೋಗೇತಿ.”

ದುಂಡವ್ವ ಬುಟ್ಟಿಯ ಮುಚ್ಚಳ ತೆಗೆದಳು. ಒಳಗೆ ಗಿಳಿಯಂಥ ಕೊಂಕು ಕೊಕ್ಕಿನ ಕಾಕಟೂ ಕುಳಿತಿತ್ತು. ಮೈತುಂಬ ಬಿಳಿ ಗರಿ, ನೆತ್ತಿಗೆ ಅಂಟಿಕೊಂಡ ಹಳದಿ ಜುಟ್ಟು. ಅದು ಒಂದು ಕಣ್ಣಿನಿಂದ ಅವಳ ಮುಖ ನೋಡಿತು. ಇನ್ನೊಂದು ಕಣ್ಣಿನಿಂದ ಅವಳ ಕೈ ನೋಡಿತು. ಆಮೇಲೆ ಮಣಿಕಟ್ಟು ಹತ್ತಿ, ಮೊಣಕೈ ಹತ್ತಿ, ಹೆಗಲು ಹತ್ತಿ, ಅವಳ ಗದ್ದದ ಕೆಳಗೆ ತಲೆ ತೂರಿಸಿ ಕುತ್ತಿಗೆ ಬಗ್ಗಿಸಿತು.

ದುಂಡವ್ವ ಬೆರಳಿನಿಂದ ಮೆಲ್ಲಗೆ ಕೆರೆದಳು.

“ಅಲ್ಲೇ,” ಎಂದಿತು ಕಾಕಟೂ. “ಇನ್ನೊಂದೀಟು ಮ್ಯಾಲೆ. ಹಾಂ, ಅಲ್ಲೇ ಅವ್ವಾ.”

ಅಂಟಿಕೊಂಡಿದ್ದ ಜುಟ್ಟು ಬೀಸಣಿಗೆಯಂತೆ ಪಟ್ಟನೆ ಬಿಚ್ಚಿಕೊಂಡಿತು. ದುಂಡವ್ವನಿಗೆ ಆದ ಖುಷಿಗೆ ಮಿತಿಯೇ ಇರಲಿಲ್ಲ. ಗಾಳಿಯಪ್ಪ ಹೊರಟದ್ದನ್ನೂ ಅವಳು ನೋಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಗದ್ದಲವೋ ಗದ್ದಲ. ದುಂಡವ್ವ ಬೀಸುವ ಪದ ಹಾಡಿದರೆ ಕಾಕಟೂ ತೊಲೆಯ ಮೇಲೆ ತಲೆ ಕುಣಿಸುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು, ಮೇಲೆ ಕೆಳಗೆ ಜೋತಾಡುತ್ತಿತ್ತು. ರೊಟ್ಟಿ ಬಡಿದರೆ ಬಡಿತಕ್ಕೆ ಸರಿಯಾಗಿ ಕಾಲು ಎತ್ತಿ ಹಾಕುತ್ತಿತ್ತು. ಅವಳು ಕೊಡ ಹಿಡಿದು ಹೊರಗೆ ಕಾಲಿಟ್ಟರೆ ಸಾಕು, ಚಪ್ಪರ ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ತಿರುಗಿ ಬಂದರೆ ಜುಟ್ಟು ಅರಳಿಸಿ, ಎಡವಿ ಬಿದ್ದು ಎದ್ದು, ಅಂಗಳದ ತನಕ ಓಡಿ ಬರುತ್ತಿತ್ತು.

“ನೀರು ತರಾಕ ಹೋಗಿದ್ದೆ ಮಗಳ, ಕಾಶಿಗೆ ಹೋಗಿದ್ದಿಲ್ಲ,” ಎಂದು ದುಂಡವ್ವ ನಗುತ್ತಿದ್ದಳು. ನಕ್ಕು, ತಾನೂ ನಾಲ್ಕು ಹೆಜ್ಜೆ ಬೇಗ ಹಾಕುತ್ತಿದ್ದಳು.

ಎಲ್ಲವೂ ಚೆನ್ನಾಗಿತ್ತು. ಒಂದನ್ನು ಮಾತ್ರ ದುಂಡವ್ವ ಗಮನಿಸಲಿಲ್ಲ. ಬೀಸುವ ಹಾಡು ಮುಗಿದರೂ ಬೀಸುವ ಕೆಲಸ ಮುಗಿಯುತ್ತಿರಲಿಲ್ಲವಲ್ಲ, ಆಗ ಕಾಕಟೂ ತೊಲೆಯ ಮೇಲೆ ಸುಮ್ಮನೆ ಕುಳಿತು ಕಲ್ಲನ್ನೇ ನೋಡುತ್ತಿತ್ತು. ನೋಡುತ್ತಾ ನೋಡುತ್ತಾ ಅದರ ಜುಟ್ಟು ಮಲಗಿಬಿಡುತ್ತಿತ್ತು.

ಒಂದು ದಿನ ದುಂಡವ್ವ ನೀರು ತಂದು ಒಳಗೆ ಬಂದಾಗ ಬೀಸುಕಲ್ಲಿನ ಮೇಲೆ ಗೂಟ ಇರಲಿಲ್ಲ. ಕೈಯಲ್ಲಿ ಹಿಡಿದು ಕಲ್ಲು ತಿರುಗಿಸುವ ಕಟ್ಟಿಗೆಯ ಗೂಟ ಅದು. ಈಗ ಚೂರು ಚೂರಾಗಿ ನೆಲದ ತುಂಬ ಬಿದ್ದಿತ್ತು. ಚೂರುಗಳ ನಡುವೆ ಕಾಕಟೂ ನಿಂತಿತ್ತು.

“ಇದೇನ ಮಾಡಿದಿ?” ಎಂದಳು ದುಂಡವ್ವ. ಕಾಕಟೂ ಕೊಕ್ಕಿನಲ್ಲಿದ್ದ ಚೂರೊಂದನ್ನು ಉಗುಳಿತು.

ಅವಳು ಹೊಸ ಗೂಟ ಜಡಿದಳು. ಕಾಕಟೂ ಅದನ್ನೂ ಕಡಿಯಿತು. ಇನ್ನೂ ಗಟ್ಟಿ ಗೂಟ ಜಡಿದಳು. ಅದನ್ನೂ ಕಡಿಯಿತು. ಗದರಿದಳು, ಬೇಡಿಕೊಂಡಳು, ರೊಟ್ಟಿ ಕೊಟ್ಟು ರಮಿಸಿದಳು. ಬೆನ್ನು ತಿರುಗಿಸಿದರೆ ಮತ್ತೆ ಕಟಕಟ ಸದ್ದು.

ಲೋಕಕ್ಕೆ ಹಿಟ್ಟಿಲ್ಲದಾಯಿತು. ಖಾಲಿ ಚೀಲ ಹೊತ್ತ ಇರುವೆಗಳ ಸಾಲು ಬಾಗಿಲಿನಿಂದ ಹೊಳೆಯವರೆಗೆ ನಿಂತಿತು. ಆನೆಮರಿ ಹಸಿವಿಗೆ ಅತ್ತಿತು. ದುಂಡವ್ವ ಗೂಟವಿಲ್ಲದ ಕಲ್ಲನ್ನು ಅಂಗೈಯಿಂದಲೇ ನೂಕಿ ನೂಕಿ, ಮೊಣಕೈವರೆಗೆ ಹಿಟ್ಟಾಗಿ, ಇರುವೆಮರಿಗಳಿಗಾಗುವಷ್ಟು ಮಾತ್ರ ಬೀಸಿದಳು. ಅಂಗೈ ತುಂಬ ಬೊಕ್ಕೆ ಎದ್ದವು.

ಕಡೆಗೆ ಎಲ್ಲರೂ ಅವಳ ಅಂಗಳಕ್ಕೆ ಬಂದರು. ಹೊಳೆವ್ವ ಬಂದಳು. ಆಗಿನ್ನೂ ನಡೆದಾಡುತ್ತಿದ್ದ ಗುಡ್ಡಪ್ಪನೂ ಬಂದ. ಗಾಳಿಯಪ್ಪ ಬಂದ, ಅವನ ಕೈಯಲ್ಲಿ ಮತ್ತೆ ಬುಟ್ಟಿ ಇತ್ತು.

“ಹಕ್ಕಿ ಬೇಕೋ, ಕಲ್ಲು ಬೇಕೋ, ಒಂದು ಹೇಳಬೇ,” ಎಂದಿತು ಆನೆ. “ನಮ್ಮ ಹುಡುಗ್ರು ಉಪಾಸ ಅದಾವ.”

“ಸಮುದ್ರದ ಆಚೆ ಒಂದು ನಡುಗಡ್ಡಿ ಐತಿ,” ಎಂದ ಗಾಳಿಯಪ್ಪ ಮೆಲ್ಲಗೆ. “ಅಲ್ಲಿ ಯಾರೂ ಇಲ್ಲ. ಎಷ್ಟು ಒದರಿದ್ರೂ ನಡೀತೈತಿ.”

ಯಾರೂ ಇಲ್ಲದ ಕಡೆ ಇದರ ಕುತ್ತಿಗೆ ಯಾರು ಕೆರೆಯುತ್ತಾರೆ? ದುಂಡವ್ವ ತೊಲೆಯ ಕಡೆ ನೋಡಿದಳು. ಅಳುವ ಆನೆಮರಿಯನ್ನೂ ಅವಳು ನೋಡಿದ್ದಳು. ಅದರ ಹಸಿವು ಸುಳ್ಳಲ್ಲ.

ಅಷ್ಟರಲ್ಲಿ ಕಾಕಟೂ ತೊಲೆಯಿಂದ ಕೆಳಗಿಳಿಯಿತು. ಕಿರುಚಲಿಲ್ಲ. ಬುಟ್ಟಿ ಬಂದರೆ ಏನೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಜುಟ್ಟು ಮಡಚಿ, ಅಂಗಳ ದಾಟಿ, ಕೊಕ್ಕಿನಿಂದ ಮುಚ್ಚಳ ಎತ್ತಿ, ಯಾರೂ ಹೇಳದೆ ತಾನೇ ಒಳಗೆ ಹೋಗಿ ಕುಳಿತಿತು. ಮುಚ್ಚಳವನ್ನೂ ತಾನೇ ಎಳೆದುಕೊಂಡಿತು.

ದುಂಡವ್ವ ಹಿಂದೆಯೇ ಬಂದಳು. ಅವಳು ಬುಟ್ಟಿಯ ಪಕ್ಕ ನೆಲದ ಮೇಲೆ ಕುಳಿತಳು.

“ಮಗಳ, ಒಂದ ಮಾತು ಹೇಳು. ಗೂಟ ಯಾಕ ಕಡದಿ?”

ಬುಟ್ಟಿಯೊಳಗಿನಿಂದ ಸಣ್ಣ ದನಿ ಬಂದಿತು. “ನಿನ್ನ ಹಿರೇ ಮಗಳ ಮ್ಯಾಲೆ ಸಿಟ್ಟು ಬಂದಿತ್ತವ್ವ.”

“ಹಿರೇ ಮಗಳ? ನನಗೆಲ್ಲಿ ಮಗಳ?”

“ಅಕೀನ, ಆ ದುಂಡನ್ನಾಕಿ. ನಸುಕಿಗೆ ಎದ್ದ ಕೂಡ್ಲೆ ಅಕಿ ಮುಂದ ಕುಂದರ್ತಿ. ಅಕಿ ಬಾಯಾಗ ಹಿಡಿ ಹಿಡಿ ಕಾಳು ಹಾಕ್ತಿ. ಹಾಡು ಹಾಡ್ತಿ. ದಿನಾ ಪೂರ್ತಿ ನಿನ್ನ ಕೈ ಅಕಿ ಜುಟ್ಟಿನ ಮ್ಯಾಲ ಇರತೈತಿ. ಅಕಿಗೆ ಜುಟ್ಟ ಇಲ್ಲಂದ್ರ ನೀ ನನ್ನ ಹಿಡಕೋತಿ ಅಂದ್ಕೊಂಡೆ.”

ಎಲ್ಲರೂ ಬೀಸುಕಲ್ಲನ್ನು ನೋಡಿದರು. ಅದರ ಬಾಯಿ ನೋಡಿದರು. ಗೂಟವಿದ್ದ ಜಾಗ ನೋಡಿದರು. ಮೊದಲು ಆನೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇರುವೆಗಳಿಗೆ. ಗುಡ್ಡಪ್ಪ ಬಿದ್ದ ಗಂಟಲಿನಲ್ಲೇ ಎಲ್ಲರ ನಗುವನ್ನೂ ತಿರುಗಿ ನಕ್ಕ. ದುಂಡವ್ವ ನಕ್ಕಳು, ನಗುತ್ತಾ ನಗುತ್ತಾ ಅತ್ತಳು.

“ಅಯ್ಯ ನನ್ನ ಖೋಡಿ, ಅದು ಬರೇ ಕಲ್ಲ. ಕಾಳು ಹಾಕಿದ್ರ ಹಿಟ್ಟು ಉಗಳತೈತಿ, ಅಷ್ಟ. ನಾ ಮನೀಗೆ ಬಂದ್ರ ಅದೆಂದರ ಓಡಿ ಬಂದೈತೇನು?”

ಅವಳು ಎರಡೂ ಕೈ ಬುಟ್ಟಿಯೊಳಗೆ ಹಾಕಿ ಕಾಕಟೂವನ್ನು ಬಾಚಿ ಎತ್ತಿಕೊಂಡಳು. ಹಿಟ್ಟು ಮೆತ್ತಿದ ತೋಳುಗಳಿಂದ ಎದೆಗೆ ಅವಚಿಕೊಂಡಳು. ಹಿಟ್ಟಿನ ಬೆರಳುಗಳಿಂದ ಕುತ್ತಿಗೆ ಕೆರೆದಳು, ಬೆನ್ನು ಸವರಿದಳು, ರೆಕ್ಕೆಯ ಸಂದಿಯಲ್ಲಿ, ಗರಿಗಳ ಬುಡದಲ್ಲಿ, ಚರ್ಮ ಮುಟ್ಟುವ ತನಕ ಉಜ್ಜಿ ಉಜ್ಜಿ ಮುದ್ದಿಸಿದಳು.

“ಅಂದ್ರ, ಬುಟ್ಟಿ?” ಎಂದ ಗಾಳಿಯಪ್ಪ.

“ಇಲ್ಲೇ ಇಟ್ಟು ಹೋಗು. ರೊಟ್ಟಿ ಹಾಕಿಡಾಕ ಬೇಕು. ಇಕಿ ಎಲ್ಲೂ ಹೋಗಂಗಿಲ್ಲ.”

ಜುಟ್ಟು ಪಟ್ಟನೆ ಬಿಚ್ಚಿಕೊಂಡಿತು. ಕಾಕಟೂ ಒಂದು ಕೇಕೆ ಹಾಕಿತು ನೋಡು, ಗುಡ್ಡಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. ಆಮೇಲೆ ಅದು ಸೀದಾ ಹಾರಿಹೋಗಿ ಜಾಲಿ ಕಟ್ಟಿಗೆಯ ತುಂಡೊಂದನ್ನು ಕಚ್ಚಿ ತಂದಿತು. ಕಡಿಯುವ ಕೊಕ್ಕಿಗೆ ಕೆತ್ತುವುದು ಯಾವ ಮಹಾ ಕೆಲಸ? ಕಟಕಟ, ಕಟಕಟ, ನುಣುಪಾದ ಹೊಸ ಗೂಟ ತಯಾರಾಯಿತು. ಅದನ್ನು ತಾನೇ ಕಲ್ಲಿಗೆ ಜಡಿದು, ದುಂಡವ್ವನ ಹೆಗಲೇರಿ ಕುಳಿತಿತು. ಅಂದು ದುಂಡವ್ವ ಒಂದು ಕೈಯಲ್ಲಿ ಕಲ್ಲು ಬೀಸಿದಳು, ಒಂದು ಕೈಯಲ್ಲಿ ಕುತ್ತಿಗೆ ಕೆರೆದಳು. ಆನೆಮರಿ ಹೊಟ್ಟೆ ಬಿರಿಯೆ ತಿಂದಿತು.

ಗಾಳಿಯಪ್ಪನಿಗೆ ಮಾತ್ರ ಒಂದು ಕಸಿವಿಸಿ. ಲೋಕದ ಧೂಳೆಲ್ಲ ಝಾಡಿಸುವವನು ಅವನು. ಹಕ್ಕಿಯ ಮೈಮೇಲೆ ಇಷ್ಟು ಹಿಟ್ಟು ಕಂಡರೆ ಬಿಡುತ್ತಾನೆಯೇ? ಉಫ್ ಎಂದು ಊದಿದ. ಹಿಟ್ಟೆಲ್ಲ ಅವನ ಮುಖಕ್ಕೇ ಹಾರಿ ಸೀನು ಬಂದಿತು. ಮತ್ತೆ ಊದಿದ, ಮತ್ತೆ ಹಿಟ್ಟು. ಊದಿದಷ್ಟೂ ಗರಿಗಳ ಬುಡದಿಂದ ಹೊಸ ಹಿಟ್ಟು ಬರುತ್ತಲೇ ಇತ್ತು.

“ಎಷ್ಟು ತುಂಬೀಯಬೇ ಇಕಿಯೊಳಗ?” ಎಂದ ಸೀನುತ್ತಾ.

“ಎಷ್ಟು ಹಿಡೀತೈತೋ ಅಷ್ಟು,” ಎಂದಳು ದುಂಡವ್ವ.

ಮುಂದೆ ಮರಗಳು ಬೆಳೆದವು. ಹಕ್ಕಿಗಳೆಲ್ಲ ಕೊಂಬೆ ಹಿಡಿದು ಹೊರಟವು. ದುಂಡವ್ವನ ಕಾಕಟೂ ಮಾತ್ರ ಅವಳ ಹೆಗಲು ಬಿಡಲಿಲ್ಲ. ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಮೈಯೊಳಗೆ ಆ ಹಿಟ್ಟು ಬಂದಿತು, ಕಟ್ಟಿಗೆ ಕಂಡರೆ ಕಡಿಯುವ ಚಟವೂ ಬಂದಿತು.

ಅದಕ್ಕೇ ಮಗು, ಇನ್ನೊಬ್ಬರ ಮನೆಯಿಂದ ನಿಮ್ಮ ಮನೆಗೆ ಬಂದ ಕಾಕಟೂ ಇವತ್ತು ನಿನ್ನ ಹೆಗಲೇರಿ ಗದ್ದದ ಕೆಳಗೆ ತಲೆ ತೂರಿಸಿದರೆ ನಿನ್ನ ಅಂಗಿಗೆಲ್ಲ ಬಿಳಿ ಪುಡಿ ಮೆತ್ತುತ್ತದೆ. ಅದನ್ನು ಕೊಡವಬೇಡ, ಈ ಮನೆಯಿಂದ ತನ್ನನ್ನು ಯಾರೂ ಕಳಿಸುವುದಿಲ್ಲವೆಂದು ಅದಕ್ಕೆ ನಂಬಿಕೆ ಬಂದಿದೆ.